ಅನ್ನಮಾರ್ಗದ ಕ್ಯಾನ್ಸರು ಹರಡುವ ಬಗೆ: ಒಂದು ತಿಳಿವಿನ ಇತಿಹಾಸ ಮತ್ತು ನಮ್ಮ ನಾಲ್ಕು ತಾಲ್ಲೂಕುಗಳು

೧. ಪೀಠಿಕೆ

ಇತಿಹಾಸವೆಂದರೆ ಅರಸರ ವಂಶಾವಳಿ, ಯುದ್ಧ, ಶಾಸನ ಇವುಗಳ ಅಧ್ಯಯನವೆಂಬ ಭಾವನೆ ಇಂದಿಗೂ ಪೂರ್ತಿಯಾಗಿ ಅಳಿದಿಲ್ಲ. ಆದರೆ ಜನರು ಯಾವ ರೋಗಗಳಿಗೆ ತುತ್ತಾದರು, ಆ ರೋಗಗಳನ್ನು ಹೇಗೆ ಅರ್ಥಮಾಡಿಕೊಂಡರು, ಯಾವುದಕ್ಕೆ ಅಂಜಿದರು ಎಂಬುದೂ ಇತಿಹಾಸದ ವಸ್ತುವೇ ಆಗಿದೆ. ಒಂದು ಕಾಲದ ಸತ್ಯ ಮತ್ತೊಂದು ಕಾಲದಲ್ಲಿ ಭ್ರಮೆಯಾಗಿ ಉಳಿಯುವುದುಂಟು. ಆ ಭ್ರಮೆಯ ಮೂಲವನ್ನು ಹುಡುಕುವುದು ಇತಿಹಾಸಕಾರನ ಕೆಲಸ. ಅನ್ನನಾಳ, ಜಠರ, ಕರುಳು, ಗುದನಾಳ ಇವುಗಳಲ್ಲಿ ಹುಟ್ಟುವ ಕ್ಯಾನ್ಸರು ದೇಹದಲ್ಲಿ ಹೇಗೆ ಹರಡುತ್ತದೆಂಬ ತಿಳಿವು ಯಾವ ಯಾವ ಹಂತಗಳಲ್ಲಿ ಬೆಳೆದು ಬಂದಿತು, ಆ ತಿಳಿವಿಗೂ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಜನರಿಗೂ ಏನು ಸಂಬಂಧ ಎಂಬುದನ್ನು ವಿಚಾರಿಸುವುದೇ ಪ್ರಕೃತ ಪ್ರಬಂಧದ ಉದ್ದೇಶ.

ಈ ವಸ್ತುವನ್ನು ಆರಿಸಿಕೊಂಡುದಕ್ಕೆ ಕಾರಣವನ್ನು ಮೊದಲೇ ಹೇಳಿಬಿಡುವುದು ಪ್ರಾಮಾಣಿಕತನ. ಈ ಲೇಖಕನ ದೊಡ್ಡಪ್ಪನವರು ಮಾಗಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ರಾಗಿಯನ್ನೂ ಹಿಪ್ಪುನೇರಳೆಯನ್ನೂ ಬೆಳೆಯುತ್ತಿದ್ದವರು. ಕೆಲವು ವರ್ಷಗಳ ಹಿಂದೆ ಅವರಿಗೆ ಊಟವಾದೊಡನೆ ಹೊಟ್ಟೆ ಭಾರವೆನಿಸತೊಡಗಿತು, ಎರಡು ತುತ್ತಿಗೇ ಸಾಕೆನಿಸುತ್ತಿತ್ತು, ಮೈ ಇಳಿಯಿತು. ನಮ್ಮ ಕಡೆ ಇದಕ್ಕೆಲ್ಲ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರು. ಎಂಟು ತಿಂಗಳು ಮಾತ್ರೆಯಲ್ಲೂ ಸೋಡಾದಲ್ಲೂ ಕಳೆದವು. ಒಂದು ದಿನ ಮೈಗೆ ಎಣ್ಣೆ ತಿಕ್ಕುವಾಗ ದೊಡ್ಡಮ್ಮನವರ ಬೆರಳಿಗೆ ಎಡಗಡೆಯ ಕೊರಳೆಲುಬಿನ ಮೇಲೆ ಹುಣಿಸೆಬೀಜದಷ್ಟು ಗಟ್ಟಿಯಾದ ಗಂಟೊಂದು ಸಿಕ್ಕಿತು. ಅದರಿಂದ ಚೂರು ತೆಗೆದು ಪರೀಕ್ಷಿಸಬೇಕೆಂದು ವೈದ್ಯರು ಹೇಳಿದಾಗ ಮನೆಯ ಹಿರಿಯರು ಒಪ್ಪಲಿಲ್ಲ. “ಕತ್ತಿ ಸೋಕಿದರೆ ಮೈಯೆಲ್ಲ ಹಬ್ಬುತ್ತದೆ” ಎಂದರು. ಮತ್ತೆರಡು ತಿಂಗಳು ಹೋದವು. ಮೂಲರೋಗವು ಜಠರದಲ್ಲಿದ್ದಿತು, ಗೊತ್ತಾಗುವ ವೇಳೆಗೆ ಹೊಟ್ಟೆಯಲ್ಲಿ ನೀರು ತುಂಬಿತ್ತು.

ಹೊಟ್ಟೆಯೊಳಗಿನ ರೋಗ ಕೊರಳಿಗೆ ಹೇಗೆ ಬಂದಿತು? ಕತ್ತಿ ಸೋಕಿದರೆ ಹಬ್ಬುವುದೆಂಬ ನಂಬಿಕೆ ಎಲ್ಲಿಂದ ಬಂದಿತು? ಈ ಎರಡು ಪ್ರಶ್ನೆಗಳೇ ಮುಂದಿನ ವಿವೇಚನೆಗೆ ಮೂಲ.

೨. ದಾರಿಗಳ ಒಂದು ದೃಷ್ಟಾಂತ

ಹರಡುವಿಕೆಯೆಂದರೆ ಒಂದು ಚಲನೆ. ಚಲನೆಗೆ ದಾರಿ ಬೇಕು. ಇದನ್ನು ಗ್ರಹಿಸಲು ನಮ್ಮ ಸೀಮೆಯ ಇತಿಹಾಸದಲ್ಲಿಯೇ ಒಂದು ಉತ್ತಮ ದೃಷ್ಟಾಂತವಿದೆ. ಅದನ್ನು ಇಲ್ಲಿ ಜ್ಞಾಪಿಸಿಕೊಳ್ಳುವುದು ಮುಂದಿನ ಭಾಗಕ್ಕೆ ಸಹಾಯಕವಾದೀತು.

೧೭೯೧ರ ಮಾರ್ಚಿಯಲ್ಲಿ ಬೆಂಗಳೂರನ್ನು ಹಿಡಿದ ಕಾರ್ನ್‌ವಾಲಿಸನು ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಕಡೆಗೆ ಹೊರಟನು. ಚನ್ನಪಟ್ಟಣದ ನೇರವಾದ ದಾರಿಯನ್ನು ಬಿಟ್ಟು, ಬಳಸು ದಾರಿಯಾದ ಕಾನಕಾನಹಳ್ಳಿಯ, ಎಂದರೆ ಇಂದಿನ ಕನಕಪುರದ, ಮಾರ್ಗವನ್ನು ಹಿಡಿದನು. ಶತ್ರುವಿಗೆ ಉಪಯೋಗವಾಗಬಾರದೆಂದು ಟಿಪ್ಪುವು ದಾರಿಯ ಸೀಮೆಯನ್ನು ಮೊದಲೇ ಬರಿದು ಮಾಡಿಸಿದ್ದನು. ಸೈನ್ಯವು ಅರಕೆರೆಯವರೆಗೆ ತಲುಪಿತು. ಅಲ್ಲಿ ಕದನವನ್ನೂ ಗೆದ್ದಿತು. ಆದರೆ ಮೇವಿಲ್ಲ, ಧಾನ್ಯವಿಲ್ಲ. ಎತ್ತುಗಳು ಸಾಲುಸಾಲಾಗಿ ಸತ್ತವು. ದೊಡ್ಡ ಫಿರಂಗಿಗಳನ್ನು ತಾನೇ ಹಾಳುಗೆಡವಿ ಕಾರ್ನ್‌ವಾಲಿಸನು ಹಿಂತಿರುಗಬೇಕಾಯಿತು. ಎರಡನೆಯ ಬಾರಿ ಆತನು ಆ ತಪ್ಪನ್ನು ಮಾಡಲಿಲ್ಲ. ೧೭೯೧ರ ಡಿಸೆಂಬರ್ ೨೧ರಂದು ಮಾಗಡಿಯ ಸಾವನದುರ್ಗವನ್ನು ಹಿಡಿದನು. ಅದಾದ ಕೆಲವೇ ದಿನಗಳಲ್ಲಿ ರಾಮಗಿರಿ, ಶಿವನಗಿರಿ, ಹುತ್ರಿದುರ್ಗಗಳು ಕೈಸೇರಿದವು. ಹೀಗೆ ದಾರಿಯನ್ನು ಭದ್ರಮಾಡಿಕೊಂಡ ಮೇಲೆ ೧೭೯೨ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದನು.

ಈ ವೃತ್ತಾಂತದಿಂದ ಮೂರು ಸಂಗತಿಗಳು ವಿದಿತವಾಗುತ್ತವೆ. ಮೊದಲನೆಯದು, ಆಕ್ರಮಣವು ಎಲ್ಲ ದಿಕ್ಕಿಗೂ ಒಂದೇ ಸಮನೆ ಹರಿಯುವುದಿಲ್ಲ, ಇರುವ ದಾರಿಗಳನ್ನೇ ಹಿಡಿಯುತ್ತದೆ. ಎರಡನೆಯದು, ದಾರಿಯಲ್ಲಿನ ದುರ್ಗಗಳು ಕೆಲಕಾಲ ತಡೆಯುತ್ತವೆ. ಅವು ಬಿದ್ದ ಮೇಲೆ ಅವೇ ಶತ್ರುವಿನ ಠಾಣೆಗಳಾಗುತ್ತವೆ. ಮೂರನೆಯದು, ತಲುಪುವುದು ಬೇರೆ, ನೆಲೆಯೂರುವುದು ಬೇರೆ. ದೃಷ್ಟಾಂತಕ್ಕೆ ಮಿತಿಯುಂಟು. ಜೀವಕೋಶಕ್ಕೆ ಸೇನಾಪತಿಯಿಲ್ಲ, ಸಂಕಲ್ಪವೂ ಇಲ್ಲ. ಆದರೂ ವೈದ್ಯವಿಜ್ಞಾನವು ಕ್ಯಾನ್ಸರಿನ ವಿಷಯದಲ್ಲಿ ಸುಮಾರು ಇನ್ನೂರು ವರ್ಷಗಳ ಶ್ರಮದಿಂದ ಕಂಡುಕೊಂಡುದು ಈ ಮೂರು ಸಂಗತಿಗಳನ್ನೇ ಎಂಬುದು ಗಮನಾರ್ಹ.

೩. ಪ್ರಾಚೀನರ ತಿಳಿವು

ನಮ್ಮ ಪ್ರಾಚೀನ ವೈದ್ಯರಿಗೆ ಗಡ್ಡೆಗಳ ಪರಿಚಯ ಚೆನ್ನಾಗಿದ್ದಿತು. ಸುಶ್ರುತಸಂಹಿತೆಯಲ್ಲಿ ‘ಅರ್ಬುದ’ದ ಲಕ್ಷಣಗಳನ್ನು ಹೇಳುವಾಗ, ಮೊದಲು ಹುಟ್ಟಿದ ಅರ್ಬುದದ ಮೇಲೆ ಮತ್ತೊಂದು ಹುಟ್ಟಿದರೆ ಅದನ್ನು ‘ಅಧ್ಯರ್ಬುದ’ವೆಂದೂ, ಎರಡು ಒಟ್ಟಿಗೆ ಅಥವಾ ಒಂದಾದ ಮೇಲೊಂದು ಹುಟ್ಟಿದರೆ ‘ದ್ವಿರರ್ಬುದ’ವೆಂದೂ ಹೆಸರಿಸಲಾಗಿದೆ. ಚಿಕಿತ್ಸೆಯ ಭಾಗದಲ್ಲಿ, ಅರ್ಬುದವನ್ನು ಲೇಶವೂ ಉಳಿಯದಂತೆ ತೆಗೆಯಬೇಕು, ಉಳಿದ ಶೇಷವು ನಂದದೆ ಉಳಿದ ಕಿಡಿಯಂತೆ ಮತ್ತೆ ಹೊತ್ತಿ ರೋಗಿಯನ್ನು ಕೊಲ್ಲುವುದು ಎಂಬ ಎಚ್ಚರಿಕೆಯಿದೆ. ಇದು ಶಸ್ತ್ರವೈದ್ಯನ ಪ್ರತ್ಯಕ್ಷಾನುಭವದ ಮಾತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೊಟ್ಟೆಯೊಳಗಿನ ಗಂಟನ್ನು ‘ಗುಲ್ಮ’ವೆಂದೂ, ಹೊಟ್ಟೆಯಲ್ಲಿ ನೀರು ತುಂಬುವುದನ್ನು ‘ಜಲೋದರ’ವೆಂದೂ ಬೇರೆ ಬೇರೆ ರೋಗಗಳಾಗಿ ಎಣಿಸಿದುದರಿಂದ, ಒಂದೇ ರೋಗದ ಆದಿ ಅಂತ್ಯಗಳು ಎರಡು ಹೆಸರಿನಲ್ಲಿ ಉಳಿದವು.

ಯೂರೋಪಿನಲ್ಲಿಯೂ ಸ್ಥಿತಿ ಇದಕ್ಕಿಂತ ಉತ್ತಮವಾಗಿರಲಿಲ್ಲ. ಗ್ರೀಕರು ಈ ರೋಗಕ್ಕೆ ಏಡಿಯ ಹೆಸರನ್ನು ಕೊಟ್ಟರು. ದೇಹದಲ್ಲಿ ಕಪ್ಪು ಪಿತ್ತವು ಹೆಚ್ಚಾದಾಗ ಅದು ಒಂದೆಡೆ ಮಡುಗಟ್ಟಿ ಕ್ಯಾನ್ಸರಾಗುವುದೆಂಬ ಗೇಲನನ ಮತವು ಸಾವಿರ ವರ್ಷಗಳಿಗೂ ಮೀರಿ ನಡೆಯಿತು. ಈ ಮತದಂತೆ ಮೈಯೆಲ್ಲ ಮೊದಲೇ ಕೆಟ್ಟಿರುತ್ತದೆ. ಗಡ್ಡೆಯು ಅದರ ಕುರುಹು ಮಾತ್ರ. ಹಾಗಿದ್ದಲ್ಲಿ ‘ಹರಡುವುದು’ ಎಂಬ ಮಾತಿಗೇ ಅರ್ಥವಿಲ್ಲ. ಬೇಗನೆ ಕಂಡುಹಿಡಿಯುವುದರಿಂದ ಪ್ರಯೋಜನವೂ ಇಲ್ಲ. ಒಂದು ಸಿದ್ಧಾಂತವು ಚಿಕಿತ್ಸೆಯ ಆಸೆಯನ್ನೇ ಹೇಗೆ ಮುಚ್ಚಿಬಿಡಬಲ್ಲದೆಂಬುದಕ್ಕೆ ಇದೊಂದು ನಿದರ್ಶನ.

ಈ ಮುಚ್ಚಳವನ್ನು ಮೊದಲು ಸಡಿಲಿಸಿದವನು ಫ್ರಾನ್ಸಿನ ಲ ದ್ರಾನ್ ಎಂಬ ಶಸ್ತ್ರವೈದ್ಯ. ಕ್ಯಾನ್ಸರು ಮೊದಲು ಒಂದು ಸ್ಥಳದಲ್ಲಿ ಹುಟ್ಟಿ, ಅನಂತರ ದುಗ್ಧರಸದ ನಾಳಗಳ ಮೂಲಕ ಗ್ರಂಥಿಗಳಿಗೆ ಹೋಗುವುದೆಂದು ಆತನು ೧೭೫೭ರಲ್ಲಿ ಪ್ರತಿಪಾದಿಸಿದನು. ೧೮೨೯ರಲ್ಲಿ ಪ್ಯಾರಿಸಿನ ರೆಕಾಮಿಯೆಯು ಈ ದೂರದ ಹರಡುವಿಕೆಗೆ ‘ಮೆಟಾಸ್ಟಾಸಿಸ್’, ಎಂದರೆ ಸ್ಥಾನಾಂತರ, ಎಂಬ ಹೆಸರನ್ನು ಬಳಕೆಗೆ ತಂದನು. ಜರ್ಮನಿಯ ವಿರ್ಖೋವನು ೧೮೫೮ರಲ್ಲಿ ಪ್ರತಿಯೊಂದು ಜೀವಕೋಶವೂ ಮತ್ತೊಂದು ಜೀವಕೋಶದಿಂದಲೇ ಹುಟ್ಟುವುದೆಂಬ ತತ್ತ್ವವನ್ನು ನೆಲೆಗೊಳಿಸಿದನು. ಸೋಜಿಗವೆಂದರೆ, ಅಂಥ ವಿರ್ಖೋವನೇ ಕ್ಯಾನ್ಸರು ಹರಡುವುದು ಜೀವಕೋಶಗಳಿಂದಲ್ಲ, ಗಡ್ಡೆಯಿಂದ ಹೊರಡುವ ಒಂದು ರಸದಿಂದ ಎಂದು ನಂಬಿದ್ದನು. ಹಳೆಯ ‘ದೋಷ’ದ ಕಲ್ಪನೆಯು ಅಷ್ಟು ಬೇಗನೆ ಬಿಡಲಿಲ್ಲ. ೧೮೬೫ರಲ್ಲಿ ಥೀರ್ಷ್ ಎಂಬಾತನೂ ೧೮೬೭ರಲ್ಲಿ ವಾಲ್ಡಾಯರನೂ, ಮೂಲಗಡ್ಡೆಯ ಕೋಶಗಳೇ ಕಳಚಿಕೊಂಡು ರಕ್ತ ಮತ್ತು ದುಗ್ಧನಾಳಗಳಲ್ಲಿ ಸಾಗಿ ಬೇರೆಡೆ ಬೆಳೆಯುತ್ತವೆಂಬುದನ್ನು ತೋರಿಸಿದ ಮೇಲೆಯೇ ಈ ವಿವಾದವು ಕೊನೆಯ ಕಡೆಗೆ ತಿರುಗಿತು.

೪. ನಾಲ್ಕು ದಾರಿಗಳು

ಅನ್ನಮಾರ್ಗದ ಕ್ಯಾನ್ಸರಿಗೆ ಮುಖ್ಯವಾಗಿ ನಾಲ್ಕು ದಾರಿಗಳಿವೆಯೆಂದು ಇಂದು ಹೇಳಬಹುದಾಗಿದೆ. ಅವನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ನೇರವಾಗಿ ಕೊರೆದುಕೊಂಡು ಹೋಗುವ ದಾರಿ. ಜಠರದ ಮತ್ತು ಕರುಳಿನ ಗೋಡೆಯು ಹಲವು ಪದರಗಳಿಂದಾದುದು. ಒಳಗೆ ಲೋಳೆಪೊರೆ, ಅದರ ಕೆಳಗೆ ನಾಳಗಳಿಂದ ತುಂಬಿದ ಸಡಿಲವಾದ ಪದರ, ಆಚೆಗೆ ಸ್ನಾಯುಪದರ, ಎಲ್ಲಕ್ಕೂ ಹೊರಗೆ ನುಣುಪಾದ ತೆಳುಪೊರೆ. ಕ್ಯಾನ್ಸರು ಸಾಮಾನ್ಯವಾಗಿ ಲೋಳೆಪೊರೆಯಲ್ಲಿ ಹುಟ್ಟಿ ಹೊರಗಡೆಗೆ ಸಾಗುತ್ತದೆ. ಎರಡನೆಯ ಪದರವನ್ನು ಮುಟ್ಟಿದೊಡನೆ ಅದಕ್ಕೆ ದುಗ್ಧನಾಳ, ರಕ್ತನಾಳಗಳೆಂಬ ಹೆದ್ದಾರಿಗಳು ಧಾರಾಳವಾಗಿ ದೊರೆಯುತ್ತವೆ. ಅನ್ನನಾಳದ ಬಹುಭಾಗಕ್ಕೆ ಹೊರಗಿನ ತೆಳುಪೊರೆ ಇಲ್ಲ. ಆದಕಾರಣ ಅಲ್ಲಿನ ರೋಗವು ಪಕ್ಕದ ಶ್ವಾಸನಾಳವೇ ಮೊದಲಾದ ಅಂಗಗಳನ್ನು ಸುಲಭವಾಗಿ ಮುಟ್ಟುತ್ತದೆ.

ಎರಡನೆಯದು ದುಗ್ಧರಸದ ದಾರಿ. ೧೬೨೨ರಲ್ಲಿ ಇಟಲಿಯ ಆಸೆಲ್ಲಿಯು, ಆಹಾರ ಉಂಡಿದ್ದ ನಾಯಿಯೊಂದರ ಉದರವನ್ನು ಸೀಳಿ ನೋಡುವಾಗ, ಕರುಳಿನಿಂದ ಹೊರಟ ಬಿಳಿಯ ಎಳೆಗಳಲ್ಲಿ ಹಾಲಿನಂಥ ರಸವು ಹರಿಯುವುದನ್ನು ಕಂಡನು. ಈ ನಾಳಗಳು ಗ್ರಂಥಿಗಳ ಮೂಲಕ ಸಾಗಿ, ಎದೆಯೊಳಗಣ ದೊಡ್ಡ ನಾಳವೊಂದರಲ್ಲಿ ಕೂಡಿ, ಎಡಗಡೆಯ ಕೊರಳಿನ ಬುಡದಲ್ಲಿ ರಕ್ತಕ್ಕೆ ಸೇರುತ್ತವೆ. ಜಠರದ ಕ್ಯಾನ್ಸರಿನಲ್ಲಿ ಇದೇ ಸ್ಥಳದ ಗ್ರಂಥಿಯು ಗಟ್ಟಿಯಾಗಿ ಊದಿಕೊಳ್ಳುವುದನ್ನು ವಿರ್ಖೋವನು ೧೮೪೮ರಲ್ಲಿ ಗುರುತಿಸಿದನು; ಹೊಟ್ಟೆಯ ಇತರ ಅಂಗಗಳ ಕ್ಯಾನ್ಸರಿಗೂ ಇದು ಸೂಚಕವಾಗಬಹುದೆಂದು ಫ್ರಾನ್ಸಿನ ತ್ರ್ವಾಸಿಯೆಯು ೧೮೮೯ರಲ್ಲಿ ತೋರಿಸಿದನು. ದೊಡ್ಡಮ್ಮನವರ ಬೆರಳಿಗೆ ಸಿಕ್ಕಿದ ಗಂಟು ಇದೇ. ಹೊಟ್ಟೆಯ ರೋಗವು ಕೊರಳಿಗೆ ಹಾರಿದುದಲ್ಲ. ಅನ್ನದ ರಸ ಹರಿಯುವ ದಾರಿಯಲ್ಲಿಯೇ ನಡೆದು ಬಂದುದು. ದಾರಿಯ ದುರ್ಗಗಳು ಒಂದೊಂದಾಗಿ ಬಿದ್ದು ಕೊನೆಯ ಠಾಣೆಯು ಕಣ್ಣಿಗೆ ಬಿದ್ದಾಗ ನಾವು ರೋಗವನ್ನು ಕಂಡೆವು.

ಮೂರನೆಯದು ರಕ್ತದ ದಾರಿ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಸುತ್ತಲಿನ ಹಳ್ಳಿಹಳ್ಳಿಗಳ ಗೂಡು ಮೊದಲು ಆ ಮಾರುಕಟ್ಟೆಗೆ ಬಂದು, ಅಲ್ಲಿಂದ ಬಿಚ್ಚಣಿಕೆದಾರರ ಕೈಗೆ ಹೋಗುತ್ತದೆ. ಹಾಗೆಯೇ ಜಠರ, ಕರುಳು, ಮೇದೋಜೀರಕ ಗ್ರಂಥಿಗಳಿಂದ ಹೊರಟ ರಕ್ತವು ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಪೋರ್ಟಲ್ ಸಿರೆಯ ಮೂಲಕ ಮೊದಲು ಯಕೃತ್ತಿಗೆ ಹೋಗಿ ಅಲ್ಲಿ ಸಂಸ್ಕಾರಗೊಂಡು ಮುಂದುವರಿಯುತ್ತದೆ. ಕರುಳಿನ ಕ್ಯಾನ್ಸರಿನ ದೂರದ ಠಾಣೆಗಳಲ್ಲಿ ಯಕೃತ್ತೇ ಮೊದಲನೆಯದಾಗುವುದಕ್ಕೆ ಇದು ಮುಖ್ಯ ಕಾರಣ. ಗುದನಾಳದ ಕೆಳಭಾಗದ ರಕ್ತವು ಮಾತ್ರ ಬೇರೆ ಸಿರೆಗಳ ಮೂಲಕ ಈ ಮಾರುಕಟ್ಟೆಯನ್ನು ತಪ್ಪಿಸಿಕೊಂಡು ಹೋಗಬಲ್ಲದು. ಆದುದರಿಂದ ಅಲ್ಲಿನ ಕ್ಯಾನ್ಸರು ಯಕೃತ್ತನ್ನು ಮುಟ್ಟದೆಯೂ ಶ್ವಾಸಕೋಶಕ್ಕೆ ಹೋಗುವುದುಂಟು.

ನಾಲ್ಕನೆಯದು ಹೊಟ್ಟೆಯೊಳಗಿನ ಬಯಲಿನ ದಾರಿ. ಗೋಡೆಯ ಹೊರಪೊರೆಯನ್ನು ಭೇದಿಸಿದ ಕೋಶಗಳು ಕಾಳಿನಂತೆ ಉದುರಿ, ಉದರದ ಒಳಪೊರೆಯ ಮೇಲೆ ಅಲ್ಲಲ್ಲಿ ಮೊಳೆಯುತ್ತವೆ. ಆಗ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ೧೮೯೬ರಲ್ಲಿ ಜರ್ಮನಿಯ ಕ್ರೂಕೆನ್‌ಬರ್ಗನು ಅಂಡಾಶಯದ ಒಂದು ಬಗೆಯ ಗಡ್ಡೆಯನ್ನು ವರ್ಣಿಸಿ, ಅದು ಅಲ್ಲಿಯೇ ಹುಟ್ಟಿದುದೆಂದು ಭಾವಿಸಿದನು. ಕೆಲವು ವರ್ಷಗಳ ಮೇಲೆ, ಅಂಥ ಗಡ್ಡೆಗಳು ಬಹುಮಟ್ಟಿಗೆ ಜಠರವೇ ಮೊದಲಾದೆಡೆಗಳಿಂದ ಬಂದ ವಲಸೆಗಾರರೆಂದು ತಿಳಿಯಿತು. ಅಮೆರಿಕದ ರಾಚೆಸ್ಟರಿನಲ್ಲಿ ವಿಲಿಯಂ ಮೇಯೋ ಎಂಬ ಪ್ರಸಿದ್ಧ ಶಸ್ತ್ರವೈದ್ಯನಿಗೆ ಸಹಾಯಕಳಾಗಿದ್ದ ಸಿಸ್ಟರ್ ಮೇರಿ ಜೋಸೆಫ್ ಎಂಬ ಸಂನ್ಯಾಸಿನಿಯು, ಶಸ್ತ್ರಕ್ರಿಯೆಗಾಗಿ ರೋಗಿಯ ಹೊಟ್ಟೆಯನ್ನು ಶುಚಿಮಾಡುವಾಗ ಹೊಕ್ಕುಳಲ್ಲಿ ಗಟ್ಟಿ ಗಂಟಿದ್ದರೆ ಒಳಗಿನ ಕ್ಯಾನ್ಸರು ಹರಡಿರುವುದೆಂಬುದನ್ನು ಗಮನಿಸಿದಳು. ಮೇಯೋ ಅದನ್ನು ೧೯೨೮ರಲ್ಲಿ ಪ್ರಕಟಿಸಿದನು. ೧೯೪೯ರಲ್ಲಿ ಇಂಗ್ಲೆಂಡಿನ ಹ್ಯಾಮಿಲ್ಟನ್ ಬೈಲಿಯು ಆ ಗಂಟಿಗೆ ಆಕೆಯ ಹೆಸರನ್ನೇ ಇಟ್ಟನು. ರೋಗಿಯ ಮೈಯನ್ನು ಆರೈಕೆಯಿಂದ ಮುಟ್ಟುವ ಕೈಗೆ ದೊಡ್ಡ ವೈದ್ಯನ ಕಣ್ಣಿಗೆ ಬೀಳದುದೂ ತಿಳಿಯಬಹುದೆಂಬುದಕ್ಕೆ ಇದು ಸಾಕ್ಷಿ.

೫. ಬೀಜ ಮತ್ತು ನೆಲ

ದಾರಿಗಳಿಂದಲೇ ಎಲ್ಲವನ್ನೂ ವಿವರಿಸಲು ಸಾಧ್ಯವೆ? ಲಂಡನ್ನಿನ ಸ್ಟೀಫನ್ ಪ್ಯಾಜೆಟನಿಗೆ ಈ ಸಂಶಯ ಬಂದಿತು. ಆತನು ಸ್ತನದ ಕ್ಯಾನ್ಸರಿನಿಂದ ಸತ್ತ ೭೩೫ ಮಂದಿಯ ದಾಖಲೆಗಳನ್ನು ಪರಿಶೀಲಿಸಿ, ರಕ್ತವು ಎಲ್ಲ ಅಂಗಗಳಿಗೂ ಹೋಗುತ್ತಿದ್ದರೂ ರೋಗವು ಕೆಲವು ಅಂಗಗಳಲ್ಲಿ ಮಾತ್ರ ಹೆಚ್ಚಾಗಿ ನೆಲೆಯೂರುವುದನ್ನು ೧೮೮೯ರಲ್ಲಿ ತೋರಿಸಿದನು. ಬೀಜವು ಎಲ್ಲ ದಿಕ್ಕಿಗೂ ಚೆಲ್ಲಿದರೂ ಒಗ್ಗುವ ನೆಲದಲ್ಲಿ ಮಾತ್ರ ಮೊಳೆಯುವುದೆಂಬುದು ಆತನ ಮತದ ಸಾರ. ಅಮೆರಿಕದ ಯೂಯಿಂಗನು ೧೯೨೦ರ ದಶಕದಲ್ಲಿ ಇದನ್ನು ಒಪ್ಪದೆ, ರಕ್ತ ಹರಿಯುವ ದಾರಿಯೇ ಎಲ್ಲವನ್ನೂ ನಿರ್ಣಯಿಸುತ್ತದೆಂದು ವಾದಿಸಿದನು. ಬಹುಕಾಲ ಈ ವಾದವೇ ಮೇಲುಗೈಯಾಗಿದ್ದಿತು. ೧೯೭೦ರಲ್ಲಿ ಐಸಾಯ ಫಿಡ್ಲರನು ವಿಕಿರಣದಿಂದ ಗುರುತುಮಾಡಿದ ಕ್ಯಾನ್ಸರು ಕೋಶಗಳನ್ನು ಇಲಿಗಳ ರಕ್ತಕ್ಕೆ ಸೇರಿಸಿ, ಅವುಗಳಲ್ಲಿ ಅತ್ಯಲ್ಪಾಂಶ ಮಾತ್ರ ಒಂದು ದಿನದ ಮೇಲೂ ಬದುಕಿ ಉಳಿಯುವುದನ್ನು ಕಂಡನು. ಆತನ ಮತ್ತು ಇತರರ ಮುಂದಿನ ಸಂಶೋಧನೆಗಳಿಂದ ಪ್ಯಾಜೆಟನ ಮತಕ್ಕೆ ಮತ್ತೆ ಮನ್ನಣೆ ದೊರೆಯಿತು. ಇಂದು ಎರಡೂ ಮತಗಳು ಒಂದನ್ನೊಂದು ಪೂರೈಸುತ್ತವೆ. ಕರುಳಿನಿಂದ ಹೊರಟ ಕೋಶವು ಯಕೃತ್ತಿಗೆ ಮೊದಲು ಬರುವುದು ದಾರಿಯಿಂದ. ಅಲ್ಲಿ ಬದುಕುವುದು ನೆಲದ ಗುಣದಿಂದ.

೧೭೯೧ರ ಮೇ ತಿಂಗಳ ದಂಡಯಾತ್ರೆಯನ್ನು ವಾಚಕರು ಇಲ್ಲಿ ನೆನೆಯಬಹುದು. ಕನಕಪುರದ ದಾರಿಯಿಂದ ತಲುಪಿದ ಸೈನ್ಯಕ್ಕೆ ಮೇವು ದೊರೆಯದೆ ಹಿಂತಿರುಗಬೇಕಾಯಿತು. ದೇಹದಲ್ಲಿಯೂ ಹೊರಟ ಕೋಶಗಳಲ್ಲಿ ಬಹುಪಾಲು ಹೀಗೆಯೇ ನಾಶವಾಗುತ್ತವೆ. ಇದರ ಅರ್ಥ ಮಹತ್ತ್ವದ್ದು. ಹರಡುವುದು ಕ್ಯಾನ್ಸರಿಗೂ ಸುಲಭವಾದ ಕೆಲಸವಲ್ಲ. ಅದಕ್ಕೆ ಕಾಲ ಬೇಕು. ಆ ಕಾಲವೇ ನಮಗೆ ದೊರೆಯುವ ಅವಕಾಶ.

ಈ ಅವಕಾಶವನ್ನು ಅಳೆಯುವ ಪ್ರಯತ್ನವೂ ನಡೆದಿದೆ. ೧೯೩೨ರಲ್ಲಿ ಲಂಡನ್ನಿನ ಕಥ್‌ಬರ್ಟ್ ಡ್ಯೂಕ್ಸನು ಗುದನಾಳದ ಕ್ಯಾನ್ಸರನ್ನು, ಗೋಡೆಯೊಳಗೇ ಇರುವುದು, ಗೋಡೆಯನ್ನು ದಾಟಿದುದು, ಗ್ರಂಥಿಗಳನ್ನು ಸೇರಿದುದು ಎಂದು ಮೂರು ವರ್ಗಗಳಾಗಿ ವಿಂಗಡಿಸಿದನು. ೧೯೪೩ರಿಂದ ೧೯೫೨ರವರೆಗೆ ಫ್ರಾನ್ಸಿನ ದೆನ್ವಾ ಎಂಬಾತನು ಗಡ್ಡೆ, ಗ್ರಂಥಿ, ದೂರದ ಠಾಣೆ ಎಂಬ ಮೂರು ಲೆಕ್ಕಗಳ ಪದ್ಧತಿಯನ್ನು ರೂಪಿಸಿದನು. ಅದೇ ಇಂದು ಜಗತ್ತಿನಲ್ಲೆಲ್ಲ ಬಳಕೆಯಲ್ಲಿದೆ. ೧೯೬೨ರಲ್ಲಿ ಜಪಾನಿನ ವೈದ್ಯರು, ಮೇಲಿನ ಎರಡು ಪದರಗಳನ್ನು ದಾಟದ ಜಠರದ ಕ್ಯಾನ್ಸರಿಗೆ ‘ಆರಂಭದ ಕ್ಯಾನ್ಸರು’ ಎಂದು ಲಕ್ಷಣ ಹೇಳಿದರು. ಆ ಹಂತದಲ್ಲಿ ಚಿಕಿತ್ಸೆ ಪಡೆದವರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಐದು ವರ್ಷಗಳನ್ನು ದಾಟಿ ಬದುಕುತ್ತಾರೆಂಬುದು ಅಲ್ಲಿನ ಅನುಭವ. ದೂರಕ್ಕೆ ಹರಡಿದ ಮೇಲೆ ಹಾಗೆ ಬದುಕುವವರು ಕೆಲವರೇ.

೬. ಕತ್ತಿಯ ಭಯ

ಈಗ ಎರಡನೆಯ ಪ್ರಶ್ನೆಗೆ ಬರಬಹುದು. ಕತ್ತಿ ಸೋಕಿದರೆ ಹಬ್ಬುವುದೆಂಬ ನಂಬಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ; ಆದರೆ ಅದು ಇತಿಹಾಸದ ಕ್ರಮವಲ್ಲ. ನಂಬಿಕೆಯು ಯಾವ ಅನುಭವದಿಂದ ಹುಟ್ಟಿತೆಂದು ಕೇಳಬೇಕು.

೧೮೮೧ರ ಜನವರಿ ೨೯ರಂದು ವಿಯೆನ್ನಾ ನಗರದಲ್ಲಿ ಬಿಲ್ರೋತನು ತೆರೇಸಾ ಹೆಲ್ಲರ್ ಎಂಬ ೪೩ ವರ್ಷದ ಹೆಂಗಸಿನ ಜಠರದ ಕ್ಯಾನ್ಸರನ್ನು ಕೊಯ್ದು ತೆಗೆದನು. ಆತನಿಗೆ ಮೊದಲು ಈ ಸಾಹಸ ಮಾಡಿದ ಪೇಆನ್ ಮತ್ತು ರಿಡಿಗಿಯರರ ರೋಗಿಗಳು ಉಳಿದಿರಲಿಲ್ಲ. ಈಕೆ ಗುಣಹೊಂದಿ ಎದ್ದಳು. ಜಗತ್ತೆಲ್ಲ ಕೊಂಡಾಡಿತು. ಆದರೆ ನಾಲ್ಕು ತಿಂಗಳಲ್ಲಿ ರೋಗವು ಹರಡಿದ್ದುದರಿಂದ ಆಕೆ ತೀರಿಕೊಂಡಳು. ಇಂಗ್ಲೆಂಡಿನ ಅರ್ನೆಸ್ಟ್ ಮೈಲ್ಸನು ಗುದನಾಳದ ಕ್ಯಾನ್ಸರಿಗೆ ಕೆಳಗಿನಿಂದ ಮಾಡಿದ ೫೭ ಶಸ್ತ್ರಕ್ರಿಯೆಗಳಲ್ಲಿ ೫೪ರಲ್ಲಿ ರೋಗವು ಮರಳಿ ಬಂದಿತು. ಆತನು ಎದೆಗುಂದದೆ, ಸತ್ತವರ ದೇಹಗಳನ್ನು ಪರೀಕ್ಷಿಸಿ, ರೋಗವು ದುಗ್ಧನಾಳಗಳಲ್ಲಿ ಮೇಲಕ್ಕೂ ಪಕ್ಕಕ್ಕೂ ಕೆಳಕ್ಕೂ ಸಾಗಿದ್ದುದನ್ನು ಕಂಡು, ಆ ದಾರಿಗಳನ್ನೂ ಸೇರಿಸಿ ತೆಗೆಯುವ ಹೊಸ ಶಸ್ತ್ರಕ್ರಿಯೆಯನ್ನು ೧೯೦೮ರಲ್ಲಿ ಪ್ರಕಟಿಸಿದನು. ರೋಗಿಯ ಬಂಧುಗಳ ಕಣ್ಣಿಗೆ ಕಂಡುದಾದರೋ ಬೇರೆ. ಕೊಯ್ದರು, ಆಮೇಲೆ ಹಬ್ಬಿತು, ಆಮೇಲೆ ಸತ್ತರು. ಕೊಯ್ಯುವ ಮೊದಲೇ ಹಬ್ಬಿತ್ತೆಂಬುದು ಯಾರಿಗೂ ಕಾಣುವಂತಿರಲಿಲ್ಲ.

ನಮ್ಮ ಸೀಮೆಯಲ್ಲಿ ಈ ಅನುಭವವು ಇನ್ನೂ ದಟ್ಟವಾಗಿದ್ದಿರಬೇಕು. ವಿಕ್ಟೋರಿಯಾ ಆಸ್ಪತ್ರೆಯು ಬೆಂಗಳೂರಿನಲ್ಲಿ ೧೯೦೦ರ ಡಿಸೆಂಬರಿನಲ್ಲಿ ಪ್ರಾರಂಭವಾಯಿತು. ಅಷ್ಟರೊಳಗೆ ಬೆಂಗಳೂರು ಮೈಸೂರು ರೈಲುದಾರಿ ಆಗಿದ್ದುದರಿಂದ ಅಂದಿನ ಕ್ಲೋಸ್‌ಪೇಟೆ, ಎಂದರೆ ಇಂದಿನ ರಾಮನಗರ, ಮತ್ತು ಚನ್ನಪಟ್ಟಣದವರಿಗೆ ಅಲ್ಲಿಗೆ ಹೋಗುವ ಅನುಕೂಲವಿತ್ತು. ಕನಕಪುರ, ಮಾಗಡಿಗಳಿಗೆ ರೈಲು ಬರಲಿಲ್ಲ. ಕ್ಯಾನ್ಸರಿಗೆಂದೇ ಮೀಸಲಾದ ಆಸ್ಪತ್ರೆ ಬೇಕೆಂದರೆ ೧೯೪೧ರಲ್ಲಿ ಮುಂಬಯಿಯಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆಗೋ, ೧೯೫೪ರಲ್ಲಿ ಮದರಾಸಿನ ಅಡ್ಯಾರಿನಲ್ಲಿ ಪ್ರಾರಂಭವಾದ ಸಂಸ್ಥೆಗೋ ಹೋಗಬೇಕಾಗಿದ್ದಿತು. ೧೯೭೩ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯು ಸ್ಥಾಪಿತವಾದ ಮೇಲೆಯೇ ಈ ದೂರವು ತಗ್ಗಿತು. ಅದಕ್ಕೆ ಮುಂಚೆ ಹಳ್ಳಿಯ ರೋಗಿಯು ಶಸ್ತ್ರವೈದ್ಯನ ಮೇಜನ್ನು ತಲುಪುತ್ತಿದ್ದುದು ಬಹುಮಟ್ಟಿಗೆ ಕೊನೆಯ ಗಳಿಗೆಯಲ್ಲಿ. ಹೊಟ್ಟೆಯನ್ನು ತೆರೆದು, ಎಲ್ಲೆಡೆ ಹರಡಿರುವುದನ್ನು ನೋಡಿ, ಏನೂ ಮಾಡಲಾರದೆ ಮತ್ತೆ ಹೊಲಿದು ಕಳುಹಿಸುವುದು ಎಲ್ಲ ದೇಶಗಳ ಶಸ್ತ್ರವೈದ್ಯರ ಅನುಭವದಲ್ಲಿಯೂ ಇದ್ದ ಸಂಗತಿ. ಹಾಗೆ ಮರಳಿದವರು ಬಹುದಿನ ಬದುಕುತ್ತಿರಲಿಲ್ಲ. ಊರಿನ ಸ್ಮೃತಿಯಲ್ಲಿ ಉಳಿದುದು ಕತ್ತಿ ಮತ್ತು ಸಾವು, ಇವೆರಡರ ಸಾಮೀಪ್ಯ ಮಾತ್ರ. ಆದಕಾರಣ ಈ ನಂಬಿಕೆಯು ಮೂಢತನದ ಫಲವಲ್ಲ. ತಡವಾಗಿ ದೊರೆತ ಚಿಕಿತ್ಸೆಯ ಫಲ. ಹಿಂದಿನ ತಡವು ನಂಬಿಕೆಯನ್ನು ಹುಟ್ಟಿಸಿತು; ಇಂದು ಆ ನಂಬಿಕೆಯೇ ಹೊಸ ತಡವನ್ನು ಹುಟ್ಟಿಸುತ್ತಿದೆ.

ಸತ್ಯಾಂಶವನ್ನೂ ಇಲ್ಲಿ ಹೇಳಬೇಕು. ಪರೀಕ್ಷೆಯ ಸೂಜಿಯ ದಾರಿಯಲ್ಲಿ ಕೋಶಗಳು ಬೀಳುವ ಪ್ರಸಂಗಗಳು ವೈದ್ಯಗ್ರಂಥಗಳಲ್ಲಿ ದಾಖಲಾಗಿವೆ. ಆದರೆ ಅವು ವಿರಳ. ಅಂಥ ಭಯವಿರುವ ಅಂಗಗಳಲ್ಲಿ ವೈದ್ಯರೇ ಎಚ್ಚರದಿಂದ ಕ್ರಮವನ್ನು ಆರಿಸುತ್ತಾರೆ. ಜಠರ ಮತ್ತು ಕರುಳಿನ ರೋಗಕ್ಕಾದರೋ ಕೊಳವೆಯ ಮೂಲಕ ಒಳಗನ್ನು ನೋಡಿ ಅಲ್ಲಿಯೇ ಚೂರು ತೆಗೆಯುವುದು ರೂಢಿ. ಬಾಗುವ ಗಾಜಿನೆಳೆಯ ದರ್ಶಕವನ್ನು ಹಿರ್ಷೋವಿಟ್ಸ್ ಮತ್ತು ಆತನ ಸಂಗಡಿಗರು ೧೯೫೭ರಲ್ಲಿ ಬಳಕೆಗೆ ತಂದಂದಿನಿಂದ, ಹೊಟ್ಟೆಯನ್ನು ಸೀಳದೆಯೇ ಮೊದಲ ಪದರವನ್ನು ಕಣ್ಣಾರೆ ಕಾಣುವುದು ಸುಲಭವಾಗಿದೆ. ರೋಗದ ಹೆಸರು ತಿಳಿಯದೆ ಚಿಕಿತ್ಸೆಯಿಲ್ಲ. ಪರೀಕ್ಷೆಯಿಲ್ಲದೆ ಹೆಸರು ತಿಳಿಯದು.

೭. ಉಪಸಂಹಾರ

ಬೆಂಗಳೂರು ನಗರಪ್ರದೇಶದ ಕ್ಯಾನ್ಸರು ರೋಗಿಗಳ ದಾಖಲಾತಿಯು ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ಯೋಜನೆಯಲ್ಲಿ ೧೯೮೨ರಿಂದ ನಡೆದುಬಂದಿದೆ. ಗಂಡಸರಲ್ಲಿ ಕಂಡುಬರುವ ಮುಖ್ಯ ಕ್ಯಾನ್ಸರುಗಳ ಸಾಲಿನಲ್ಲಿ ಜಠರ, ಅನ್ನನಾಳಗಳೆರಡೂ ಅಲ್ಲಿ ಬಹುಕಾಲದಿಂದ ಸ್ಥಾನ ಪಡೆದಿವೆ. ೨೦೦೭ರಲ್ಲಿ ರಾಮನಗರ ಜಿಲ್ಲೆಯಾದ, ೨೦೨೫ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರನ್ನು ಪಡೆದ ನಮ್ಮ ಸೀಮೆಯು ಆ ನಗರಕ್ಕೆ ಹೊಂದಿಕೊಂಡೇ ಇದೆ. ಹೆದ್ದಾರಿ ಅಗಲವಾಗಿದೆ, ಆಸ್ಪತ್ರೆಗೆ ಒಂದೆರಡು ಗಂಟೆಯ ಪ್ರಯಾಣ. ಆದರೆ ಹೊಟ್ಟೆಯುರಿ ಮೊದಲಾದ ದಿನಕ್ಕೂ ಪರೀಕ್ಷೆಯ ದಿನಕ್ಕೂ ನಡುವಣ ದೂರವನ್ನು ಹೆದ್ದಾರಿಯು ಕಡಿಮೆ ಮಾಡಲಾರದು. ಅದನ್ನು ಕಡಿಮೆ ಮಾಡಬೇಕಾದುದು ತಿಳಿವು.

ಮೇಲ್ಕಂಡ ವಿವೇಚನೆಯ ಸಾರವನ್ನು ಹೀಗೆ ಸಂಗ್ರಹಿಸಬಹುದು. ಅನ್ನಮಾರ್ಗದ ಕ್ಯಾನ್ಸರು ಗೊತ್ತುಗುರಿಯಿಲ್ಲದೆ ಹಾರುವುದಿಲ್ಲ. ಪದರದಿಂದ ಪದರಕ್ಕೆ, ಗ್ರಂಥಿಯಿಂದ ಗ್ರಂಥಿಗೆ, ಕರುಳಿನಿಂದ ಯಕೃತ್ತಿಗೆ, ಬಹುಮಟ್ಟಿಗೆ ಗೊತ್ತಾದ ದಾರಿಗಳಲ್ಲಿ ಸಾಗುತ್ತದೆ. ಹಬ್ಬಿಸುವುದು ಕತ್ತಿಯಲ್ಲ, ಕಾಲ. ಎಲ್ಲ ಹೊಟ್ಟೆನೋವೂ ಕ್ಯಾನ್ಸರಲ್ಲ. ಬಹುಪಾಲು ಅಲ್ಲವೇ ಅಲ್ಲ. ಆದರೆ ನುಂಗುವುದು ಕಷ್ಟವಾದರೆ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾದರೆ, ಕಾರಣವಿಲ್ಲದೆ ಮೈ ಇಳಿದರೆ, ಮಲವು ಕಪ್ಪಾಗಿ ಅಥವಾ ರಕ್ತಮಿಶ್ರವಾಗಿ ಬಂದರೆ, ಮಲವಿಸರ್ಜನೆಯ ರೀತಿ ಬದಲಾಗಿ ಹಾಗೆಯೇ ನಿಂತರೆ, ‘ಗ್ಯಾಸ್ಟ್ರಿಕ್’ ಎಂಬ ಒಂದು ಮಾತಿನಲ್ಲಿ ಅದನ್ನು ಮುಗಿಸಬಾರದು.

ದೊಡ್ಡಪ್ಪನವರು ಗಂಟು ಕಂಡ ನಾಲ್ಕನೆಯ ತಿಂಗಳಲ್ಲಿ ತೀರಿಕೊಂಡರು. ಗಂಟು ಕಾಣಿಸಿಕೊಂಡ ದಿನವೇ ಪರೀಕ್ಷೆ ನಡೆದಿದ್ದರೂ ಅವರು ಉಳಿಯುತ್ತಿದ್ದರೆಂದು ಹೇಳಲಾಗದು. ಕೊನೆಯ ಠಾ‍ಣೆ ಅಷ್ಟರೊಳಗೆ ಬಿದ್ದಿತ್ತು. ಕಳೆದುಹೋದುದು ಅದಕ್ಕೂ ಹಿಂದಿನ ಎಂಟು ತಿಂಗಳು. ದೊಡ್ಡಮ್ಮನವರು ಇಂದಿಗೂ ಆ ಗಂಟನ್ನು ತಾವು ಮೊದಲೇ ಕಾಣಬೇಕಿತ್ತೆಂದು ಕೊರಗುತ್ತಾರೆ. ವಿರ್ಖೋವನು ಕಂಡುದನ್ನೇ ಅವರ ಬೆರಳು ಕಂಡಿತು. ಕಂಡುದರ ಅರ್ಥವನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ. ಗ್ರಂಥಗಳಲ್ಲಿ ನೂರೈವತ್ತು ವರ್ಷಗಳಿಗೂ ಹಿಂದೆ ಸೇರಿದ ತಿಳಿವು ಮಾಗಡಿಯ ಒಂದು ಹಟ್ಟಿಯ ಬಾಗಿಲನ್ನು ಇನ್ನೂ ತಲುಪಿಲ್ಲವಾದರೆ, ರೋಗದ ದಾರಿಗಳ ಜೊತೆಗೆ ತಿಳಿವಿನ ದಾರಿಗಳನ್ನೂ ಶೋಧಿಸುವುದು ನಮ್ಮಂಥ ವಿದ್ಯಾಸಂಸ್ಥೆಗಳ ಕರ್ತವ್ಯವಾಗುತ್ತದೆ.